ರೈಲಿಗೆ ಮೂರು ತಾಸಿದ್ದರೆ ಯಾದಗಿರಿ ಗುಡ್ಡ

ವಾಡಿ–ರಾಯಚೂರು ನಡುವೆ ಯಾದಗಿರಿಯಲ್ಲಿ ಇಳಿದವರಿಗೆ ಊರ ನೆತ್ತಿಯ ಮೇಲೇ ಕೂತಂತಿರುವ ಕೋಟೆ ಗುಡ್ಡ ಕಂಡೇ ಕಾಣುತ್ತದೆ. ಎತ್ತರ ನೂರು ಮೀಟರಿನ ಆಸುಪಾಸು. ‘ಇಷ್ಟೇನಾ’ ಅಂತ ಮಧ್ಯಾಹ್ನ ಹೊರಟವರು ಅರ್ಧಕ್ಕೇ ನೆರಳು ಹುಡುಕುತ್ತಾರೆ. ಇಲ್ಲಿ ದಣಿಸುವುದು ಏರಿಗಿಂತ ಹೆಚ್ಚಾಗಿ ಕಾದ ಬಂಡೆ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆ ಇದು. ಮೇಲಿನ ಬಿಸಿಲು ಒಂದು ಕಡೆ, ಬಂಡೆ ವಾಪಸ್ ಉಗುಳುವ ಝಳ ಇನ್ನೊಂದು ಕಡೆ. ಹೊತ್ತು ಮುಳುಗಿದ ಮೇಲೂ ಕಲ್ಲು ಬಹಳ ಹೊತ್ತು ಬೆಚ್ಚಗೇ ಇರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಸಂಜೆಗಿಂತ ನಸುಕೇ ವಾಸಿ: ಆರಕ್ಕೆ ಹೊರಟು ಒಂಬತ್ತರೊಳಗೆ ಕೆಳಗಿರಬೇಕು.

ತಲೆಗೆ ಎರಡು ಲೀಟರ್ ನೀರು, ಒಂದು ಟವೆಲ್ಲು, ಒಂದು ಜೊತೆ ಕಾಲುಚೀಲ. ಕಾಲುಚೀಲ ಯಾಕೆಂದರೆ, ಭುವನೇಶ್ವರಿ ಗುಡಿಯ ಹತ್ತಿರ ಚಪ್ಪಲಿ ಬಿಡಬೇಕಲ್ಲ. ಬಿಸಿಲೇರಿದ ಮೇಲೆ ಬರಿಗಾಲು ಸುಟ್ಟುಹೋಗುತ್ತದೆ. ಕೋಟೆಯೊಳಗೆ ಬಂಡೆಯ ತಗ್ಗುಗಳಲ್ಲಿ ಮಳೆನೀರು ನಿಲ್ಲಿಸಿದ ಹೊಂಡಗಳಿವೆ. ಹಿಂದೆ ಕೋಟೆ ಬದುಕಿದ್ದೇ ಆ ನೀರಿನ ಮೇಲೆ. ಈಗ ಅದನ್ನು ಬಾಯಿಗೆ ಹಾಕಬೇಡಿ, ಅಂಚಿನ ಪಾಚಿಯ ಮೇಲೆ ಕಾಲೂ ಇಡಬೇಡಿ.

ಮೆಟ್ಟಿಲು ಒಂದೇ ಅಳತೆಯವಲ್ಲ. ಒಂದು ಗೇಣು, ಮುಂದಿನದು ಮೊಣಕಾಲ ಮಟ್ಟ. ಓಡಿ ಹತ್ತಿದರೆ ಲಯ ತಪ್ಪಿ ತೊಡೆ ಹಿಡಿದುಕೊಳ್ಳುತ್ತದೆ. ಬಾಗಿಲು ಬಂದಲ್ಲೆಲ್ಲ ನಿಂತು ಉಸಿರು ತೆಗೆದುಕೊಳ್ಳುವುದು ಒಳ್ಳೆಯದು, ನೋಡಲಿಕ್ಕೂ ಅಲ್ಲೇ ಇದೆ. ಬಾಗಿಲ ಮುಂದೆ ದಾರಿ ನೆಟ್ಟಗಿರದೆ ತಿರುಗುತ್ತದೆ. ಆನೆಯಾಗಲಿ ದಂಡಾಗಲಿ ಓಡಿಬಂದು ಗುದ್ದುವಷ್ಟು ಜಾಗ ಸಿಗಬಾರದೆಂಬ ಲೆಕ್ಕ. ಮೂರು ಸುತ್ತಿನ ಗೋಡೆ ದಾಟುವಾಗ ಕಲ್ಲುಗಳನ್ನು ಗಮನಿಸಿ. ಸಹಜ ಬಂಡೆ ಇದ್ದಲ್ಲಿ ಅದನ್ನೇ ಗೋಡೆ ಮಾಡಿಕೊಂಡು, ಸಂದು ಇದ್ದಲ್ಲಿ ಮಾತ್ರ ಕಟ್ಟಿದ್ದಾರೆ. ಇಷ್ಟು ಜಾಣ ಕೆಲಸದ ಮೇಲೆ ಪೇಂಟಿನಲ್ಲಿ ಹೆಸರು ಬರೆಯುವವರಿಗೆ ಏನನ್ನಬೇಕೋ.

ಬಂಡೆಯ ಮೇಲೆ ಕಡೆದ ತೀರ್ಥಂಕರರ ಮೂರ್ತಿಗಳನ್ನು ಅಡ್ಡಬಿಸಿಲಿನಲ್ಲಿ ನೋಡಬೇಕು. ನೆತ್ತಿಯ ಬಿಸಿಲಿಗೆ ನೆರಳೇ ಬೀಳದೆ ಗೆರೆಗಳು ಕಲ್ಲಿನಲ್ಲಿ ಕರಗಿಬಿಡುತ್ತವೆ.

ತುದಿಯಲ್ಲಿ ತೋಪು, ಅಂದರೆ ಹಳೆಯ ಫಿರಂಗಿ. ಎಲ್ಲರೂ ಅದರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತರೆ ಊರು ಇನ್ನೂ ಚೆನ್ನಾಗಿ ಬರುತ್ತದೆ. ಕೆಳಗೆ ಒತ್ತೊತ್ತು ಮಾಳಿಗೆಗಳು, ಮುಂಬೈ–ಚೆನ್ನೈ ಹಳಿ, ಪಡುವಣಕ್ಕೆ ಶಹಾಪುರದ ಕಡೆ ಭೀಮೆ. ನದಿ ನಿಚ್ಚಳವಾಗಿ ಕಾಣಬೇಕಾದರೆ ಮಳೆ ಬಿಟ್ಟ ಮರುದಿನ, ಧೂಳು ಕೂತಾಗ ಬನ್ನಿ. ಬೇಸಿಗೆಯಲ್ಲಿ ಆ ದಿಕ್ಕೆಲ್ಲ ಬರೀ ಮಬ್ಬು. ಆದರೆ ಮಳೆಗಾಲಕ್ಕೆ ಅದರದೇ ತಾಪತ್ರಯ: ಕಲ್ಲಿನ ಮೇಲೆ ಕರಿ ಪಟ್ಟೆ ಕಂಡರೆ ಅದು ಪಾಚಿ, ಒದ್ದೆಯಾದರೆ ನಿಲ್ಲಗೊಡುವುದಿಲ್ಲ.

ಬೀಳುವುದು ಹೆಚ್ಚಾಗಿ ಇಳಿಯುವಾಗ. ಬಂಡೆ ಸವೆದು ಉದುರಿದ ಗರಸು ಇಳಿಜಾರಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಹರಡಿರುತ್ತದೆ. ನುಣ್ಣನೆಯ ಅಟ್ಟೆಯ ಚಪ್ಪಲಿ ಅಲ್ಲಿ ಸರ್ರನೆ ಜಾರುತ್ತದೆ. ಹಲ್ಲಿರುವ ಬೂಟು ಬೇಕು. ಮೊಣಕಾಲು ಸ್ವಲ್ಪ ಮಡಚಿ, ಹೆಜ್ಜೆ ಚಿಕ್ಕದು ಮಾಡಿ, ಎತ್ತರದ ಮೆಟ್ಟಿಲಿಗೆ ಓರೆಯಾಗಿ ಇಳಿಯಿರಿ. ಮೊಬೈಲು ಜೇಬಿನಲ್ಲಿರಲಿ, ಎರಡೂ ಕೈ ಖಾಲಿ ಇರಲಿ. ಹತ್ತುವಷ್ಟೇ ಹೊತ್ತನ್ನು ಇಳಿಯುವುದಕ್ಕೂ ಇಟ್ಟುಕೊಂಡರೆ ರೈಲಿಗೆ ಮೊದಲು ಸ್ಟೇಷನ್ ಹತ್ತಿರ ಒಂದು ಪ್ಲೇಟು ಸುಸಲಾ (ಒಗ್ಗರಣೆ ಮಂಡಕ್ಕಿ)–ಮಿರ್ಚಿಗೂ ಪುರಸೊತ್ತು ಸಿಗುತ್ತದೆ.