ಮೇಕೆ ರಕ್ತದ ಪ್ಲೇಟ್: ಮೂರನೇ ಸಲಕ್ಕೆ ಸಿಕ್ಕ ಉತ್ತರ

ಕಾಲೇಜು ಲ್ಯಾಬ್‌ನಿಂದ ಈಗ ತಾನೇ ಬಂದೆ. ಕೈಯಲ್ಲಿನ್ನೂ ಅಯೋಡಿನ್ ವಾಸನೆ. ಸಿಲಿಕಾ ಬಳಿದ ಪ್ಲೇಟಿನ ಮೇಲೆ ರಕ್ತಕಣದ ಕೊಬ್ಬುಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸಿ ನೋಡಿದರೆ, ಮೇಕೆಯ ಸಾಲಿನಲ್ಲಿ ಲೆಸಿಥಿನ್ ಅನ್ನುವ ಕೊಬ್ಬಿನ ಚುಕ್ಕೆ ಇಲ್ಲ! ಮೂರು ಭಾನುವಾರ ಕಾದಿದ್ದು ಇದಕ್ಕೇ.

ಕೆಂಪು ರಕ್ತಕಣದ ಪೊರೆಯಲ್ಲಿರುವ ಕೊಬ್ಬು ಎಲ್ಲ ಪ್ರಾಣಿಗಳಲ್ಲೂ ಒಂದೇ ಥರ ಇರುವುದಿಲ್ಲ. ಮನುಷ್ಯರಲ್ಲಿ ಪೊರೆಯ ಫಾಸ್ಫೋಲಿಪಿಡ್‌ಗಳ (ರಂಜಕ ಇರುವ ಕೊಬ್ಬುಗಳ) ಪೈಕಿ ಲೆಸಿಥಿನ್ ಸುಮಾರು ಶೇ. 30, ಸ್ಫಿಂಗೋಮಯಲಿನ್ ಅನ್ನುವ ಇನ್ನೊಂದು ಬಗೆ ಸುಮಾರು ಶೇ. 25. ಇಲಿಯಲ್ಲಿ ಲೆಸಿಥಿನ್ನೇ ಹತ್ತಿರ ಹತ್ತಿರ ಅರ್ಧ. ಕುರಿ, ಮೇಕೆ, ದನದಂಥ ಮೆಲುಕು ಹಾಕುವ ಪ್ರಾಣಿಗಳಲ್ಲಿ ಮಾತ್ರ ಲೆಸಿಥಿನ್ ಇಲ್ಲವೇನೋ ಅನ್ನುವಷ್ಟು ಕಡಿಮೆ. ಆ ಜಾಗವನ್ನೆಲ್ಲ ಸ್ಫಿಂಗೋಮಯಲಿನ್ ತುಂಬಿರುತ್ತದೆ. ಇದನ್ನು ಓದಿದಾಗಿನಿಂದ ಕಣ್ಣಾರೆ ನೋಡುವ ಆಸೆ.

ಮೊದಲನೇ ಪ್ಲೇಟ್ ಹಾಳಾಗಿದ್ದು ಮಳೆಯಿಂದ. ಹಾಸನದ ಜುಲೈ ಹೇಗಿರುತ್ತದೆ ಗೊತ್ತಲ್ವಾ, ಉಪ್ಪಿನ ಡಬ್ಬಿಯೇ ನೀರಾಡುತ್ತದೆ. ಸಿಲಿಕಾ ಪ್ಲೇಟ್ ಬಿಡುತ್ತದೆಯೇ? ತೇವ ಹೀರಿಕೊಂಡು ಚುಕ್ಕೆಗಳೆಲ್ಲ ಬಾಲ ಬಿಟ್ಟುಕೊಂಡವು. ಈಗ 110 ಡಿಗ್ರಿಯ ಓವನ್‌ನಲ್ಲಿ ಒಂದು ಗಂಟೆ ಇಟ್ಟು, ಬಿಸಿ ಆರುತ್ತಲೇ ಬಳಸುತ್ತೇನೆ.

ಎರಡನೇ ಸಲ ಪ್ಲೇಟ್ ಚೆನ್ನಾಗಿ ಬಂತು, ಆದರೆ ಮೇಕೆಯಲ್ಲೂ ಲೆಸಿಥಿನ್ ಕಾಣಿಸಿತು. ಮಸುಕಾಗಿತ್ತು, ಆದರೂ ಇತ್ತು. ಓದಿದ್ದೇ ತಪ್ಪೇನೋ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ತಪ್ಪು ಇದ್ದದ್ದು ನಾನು ರಕ್ತಕಣ ತೊಳೆದ ರೀತಿಯಲ್ಲಿ. ಮೇಕೆಯ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣಗಳು ತೇಲುವ ದ್ರವದಲ್ಲಿ, ಲೆಸಿಥಿನ್ ಧಾರಾಳವಾಗಿದೆ, ಬಿಳಿ ರಕ್ತಕಣಗಳಲ್ಲೂ ಇದೆ. ಒಂದೇ ಸಲ ತೊಳೆದು ಬಿಟ್ಟಿದ್ದರಿಂದ ಅವು ಕೆಂಪು ಕಣಗಳ ಜೊತೆ ಉಳಿದುಕೊಂಡಿದ್ದವು.

ಹಾಗಾಗಿ ಇವತ್ತು ಬೆಳಿಗ್ಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರಾವಣ ಹಾಕಿದ ಬಾಟಲಿ ಹಿಡಿದು ಮತ್ತೆ ಮಟನ್ ಅಂಗಡಿಗೆ ಹೋದೆ. "ಹುರ್ಕೊಂಡು ತಿನ್ನಕ್ಕಾ ಮೇಷ್ಟ್ರೇ?" ಅಂದರು ಅಂಗಡಿಯವರು. ವಿಷಯ ಹೇಳಿದೆ. "ಹಂಗಾದ್ರೆ ಹೆಪ್ಪುಗಟ್ಟೋಕೆ ಮುಂಚೆ ಹಿಡ್ಕೊಳ್ಳಿ" ಅಂತ ತಾವೇ ಬಾಟಲಿ ಒಡ್ಡಿ ತುಂಬಿಕೊಟ್ಟರು. ನನ್ನ ರಕ್ತವನ್ನು ಲ್ಯಾಬ್ ಟೆಕ್ನಿಷಿಯನ್ ಆಗಿರುವ ತಂಗಿ ತೆಗೆದುಕೊಟ್ಟಳು, 5 ಮಿ.ಲೀ.

ಸೆಂಟ್ರಿಫ್ಯೂಜ್‌ಗೆ ಹಾಕುವ ಮೊದಲು ಎರಡೂ ಟ್ಯೂಬನ್ನು ಸ್ಟ್ಯಾಂಡಿನಲ್ಲಿ ಸುಮ್ನೆ ನಿಲ್ಲಿಸಿದ್ದೆ. ಒಂದು ಗಂಟೆಯಲ್ಲಿ ನನ್ನದರ ಮೇಲ್ಗಡೆ ತಿಳಿ ಹಳದಿ ಪಟ್ಟಿ ಬಿಟ್ಟುಕೊಂಡಿತು. ಮೇಕೆಯದು ಇಟ್ಟ ಹಾಗೇ ಇತ್ತು. ಅದರ ಕಣ ತೀರಾ ಸಣ್ಣದು, ನಮ್ಮ ಕಣದ ಅಗಲದ ಹೆಚ್ಚುಕಡಿಮೆ ಅರ್ಧ. ನಾಣ್ಯ ಜೋಡಿಸಿದ ಹಾಗೆ ಒಂದಕ್ಕೊಂದು ಅಂಟಿ ಕೆಳಗಿಳಿಯುವ ಅಭ್ಯಾಸವೂ ಅದಕ್ಕಿಲ್ಲ. ತಿರುಗಿಸುವಾಗಲೂ ಜಾಸ್ತಿ ಹೊತ್ತು ಬೇಕು.

ಶೇ. 0.9 ಉಪ್ಪು ನೀರಿನಲ್ಲಿ ನಾಲ್ಕು ಸಲ ತೊಳೆದೆ. ಪ್ರತಿ ಸಲವೂ ಮೇಲಿನ ಬಿಳಿ ಪದರವನ್ನು ಡ್ರಾಪರ್‌ನಿಂದ ಎಳೆದು ಚೆಲ್ಲಿದೆ. ಒಂದಿಷ್ಟು ಕೆಂಪು ಕಣವೂ ಹೋಯಿತು, ಹೋಗಲಿ. ಆಮೇಲೆ ಫ್ಯೂಮ್ ಹುಡ್‌ನಲ್ಲಿ ಕ್ಲೋರೋಫಾರ್ಮ್–ಮೆಥನಾಲ್ ಹಾಕಿ ಕೊಬ್ಬು ಬಿಡಿಸಿದೆ. ಲೆಸಿಥಿನ್ ಎಲ್ಲಿ ನಿಲ್ಲುತ್ತದೆ ಅಂತ ಗುರುತಿಗೆ ಕೋಳಿಮೊಟ್ಟೆಯ ಹಳದಿಯಿಂದ ತೆಗೆದ ಕೊಬ್ಬನ್ನೂ ಒಂದು ಸಾಲಿಗಿಟ್ಟೆ. ಪ್ಲೇಟ್ ಓಡಿಸಿದ್ದು, ಅಂದರೆ ಚುಕ್ಕೆಗಳು ಮೇಲೇರಿ ಬೇರೆಯಾಗಲು ಬುಡ ಅದ್ದಿಟ್ಟದ್ದು, ಕ್ಲೋರೋಫಾರ್ಮ್, ಮೆಥನಾಲ್, ನೀರು 65:25:4ರಲ್ಲಿ.

ಅಯೋಡಿನ್ ಜಾಡಿಯೊಳಗೆ ಕಂದು ಚುಕ್ಕೆಗಳು ಒಂದೊಂದಾಗಿ ಎದ್ದವು. ಮೊಟ್ಟೆಯ ಸಾಲಿನಲ್ಲಿ ದಪ್ಪ ಲೆಸಿಥಿನ್. ನನ್ನ ಸಾಲಿನಲ್ಲೂ ಅದೇ ಎತ್ತರದಲ್ಲಿ ಒಂದು, ಅದರ ಕೆಳಗೇ ಸ್ಫಿಂಗೋಮಯಲಿನ್. ಮೇಕೆಯ ಸಾಲಿನಲ್ಲಿ ಆ ಎತ್ತರ ಬರೀ ಖಾಲಿ. ಕೆಳಗೆ ಸ್ಫಿಂಗೋಮಯಲಿನ್ ಮಾತ್ರ ದೊಡ್ಡದಾಗಿ ಕೂತಿತ್ತು.

ಸುತ್ತಲೂ ಲೆಸಿಥಿನ್ ಇರುವ ಪ್ಲಾಸ್ಮಾದಲ್ಲೇ ಈ ಕಣ ಹಗಲೂ ರಾತ್ರಿ ತೇಲುತ್ತದೆ, ಆದರೂ ತನ್ನ ಪೊರೆಯಲ್ಲಿ ಅದನ್ನು ಇಟ್ಟುಕೊಳ್ಳುವುದಿಲ್ಲ. ಎರಡನೇ ಸಲ ತಪ್ಪಿರದಿದ್ದರೆ ಈ ಸೋಜಿಗ ನನಗೆ ಹೊಳೆಯುತ್ತಲೇ ಇರಲಿಲ್ಲ. ತೊಳೆದ ಮೇಕೆ, ಕುರಿ, ದನದ ರಕ್ತಕಣ ನಾಗರಹಾವಿನ ವಿಷವೊಂದಕ್ಕೇ ಒಡೆಯುವುದಿಲ್ಲ, ಲೆಸಿಥಿನ್ ಬೆರೆಸಿದರೆ ಒಡೆಯುತ್ತದೆ ಅಂತ ನೂರು ವರ್ಷಕ್ಕೂ ಹಿಂದೆಯೇ ಕಂಡುಕೊಂಡಿದ್ದರು. ಅದು ಯಾಕೆ, ಬೇಕಾದ ಲೆಸಿಥಿನ್ ಆ ಪೊರೆಯಲ್ಲೇ ಇಲ್ಲವಲ್ಲ ಅನ್ನುವುದು ಇವತ್ತಿನ ಪ್ಲೇಟ್ ನೋಡಿದ ಮೇಲೆ ಮನಸ್ಸಿಗಿಳಿಯಿತು.

ಅಯೋಡಿನ್ ಹಾರಿಹೋಗುವ ಮುಂಚೆ ಚುಕ್ಕೆಗಳ ಸುತ್ತ ಪೆನ್ಸಿಲ್ ಗೆರೆ ಎಳೆದು ಫೋಟೋ ತೆಗೆದಿದ್ದೇನೆ. ಮುಂದಿನ ಭಾನುವಾರ ಹಸುವಿನ ರಕ್ತ. ಪಶುವೈದ್ಯ ಗೆಳೆಯ ಟೆಸ್ಟ್ ಮಾಡಿ ಉಳಿದದ್ದನ್ನು ಕೊಡುತ್ತೇನೆ ಅಂದಿದ್ದಾನೆ.