ಕಾಯ್‌ಶೂ ಅಭ್ಯಾಸ, ಐದನೇ ತಿಂಗಳು: ದಪ್ಪ ಗೆರೆಯ ಪಾಡು

ಕಾಯ್‌ಶೂ ಅಂದರೆ ಚೀನೀ ಅಕ್ಷರಗಳನ್ನು ಬ್ರಶ್ಶಿನಲ್ಲಿ ಒಂದೊಂದೇ ಗೆರೆ ಸ್ಪಷ್ಟವಾಗಿ ಬರೆಯುವ ಶೈಲಿ. ಮೊದಲ ನಾಲ್ಕು ತಿಂಗಳು ಹಳೆಯ ಲಿಪಿಕಾರ ಓಯಾಂಗ್ ಶ್ಯುನ್ ಒಬ್ಬರನ್ನೇ ನೋಡಿ ಬರೆದೆ. 632ರಲ್ಲಿ ಜ್ಯುಚೆಂಗ್ ಅರಮನೆಯ ಚಿಲುಮೆ ಬಗ್ಗೆ ಅವರು ಬರೆದ ಶಾಸನ ಕಾಯ್‌ಶೂ ಕಲಿಯುವ ಬಹಳ ಮಂದಿಗೆ ಮೊದಲ ಪಾಠ. ಅಕ್ಷರ ಎತ್ತರ, ನಡು ಬಿಗಿ, ಗೆರೆ ತೆಳು. ಬರೆದೂ ಬರೆದೂ ಬೇಜಾರಾಗಿತ್ತು. ಈ ತಿಂಗಳು ಇನ್ನೊಬ್ಬ ಲಿಪಿಕಾರ ಯೆನ್ ಝೆನ್‌ಚಿಂಗ್ ಕಡೆ ಹೊರಳಿದೆ. ಗೆರೆ ದಪ್ಪ ಇದೆ, ತಪ್ಪು ಕಾಣಿಸಲ್ಲ ಅಂದುಕೊಂಡಿದ್ದೆ.

ನಾನು ನೋಡಿ ಬರೆಯುತ್ತಿರುವುದು ಅವರು 779ರಲ್ಲಿ ತಮ್ಮ ಮುತ್ತಜ್ಜ ಯೆನ್ ಚಿನ್‌ಲಿ ನೆನಪಿಗೆ ಬರೆದ ಶಾಸನ. ಆ ಕಲ್ಲು ಬಹಳ ಕಾಲ ಮಣ್ಣಿನಡಿ ಇದ್ದು 1922ರಲ್ಲಿ ಶಿಯಾನ್‌ನಲ್ಲಿ ಸಿಕ್ಕಿತು. ಓಯಾಂಗ್ ಕಲ್ಲಿನ ಮೇಲೆ ಶತಮಾನಗಟ್ಟಲೆ ಕಾಗದ ಒತ್ತಿ ಪಡಿಯಚ್ಚು ತೆಗೆದು ತೆಗೆದು ಅದು ಸವೆದಿದೆ. ಇದರಲ್ಲಿ ಅಂಚುಗಳು ಇನ್ನೂ ಚೂಪಾಗಿವೆ. ಬ್ರಶ್ ಎಲ್ಲಿ ಒತ್ತಿದರು, ಎಲ್ಲಿ ಎತ್ತಿದರು ಅಂತ ಊಹಿಸಬಹುದು. ಅಡ್ಡಗೆರೆ ತೆಳು, ನಿಂತ ಗೆರೆ ದಪ್ಪ, ಬಲಕ್ಕೆ ಇಳಿಯುವ ಗೆರೆಯ ತುದಿಯಲ್ಲಿ ಸೀಳಿದ ಬಾಲ.

ಮೊದಲ ವಾರ ಬರೆದದ್ದೆಲ್ಲ ಬದನೆಕಾಯಿ. ಸುಮ್ನೆ ಒತ್ತಿದರೆ ದಪ್ಪ ಆಗುತ್ತದೆ, ಅಷ್ಟೇ. ತುದಿಯನ್ನು ಮೊದಲು ಹಿಂದಕ್ಕೆ ಎಳೆದು, ಗೆರೆಯೊಳಗೆ ಮುಚ್ಚಿಟ್ಟು, ಆಮೇಲೆ ಒತ್ತಬೇಕು.

ಎರಡನೇ ತೊಂದರೆ ‘ಗುವೊ’ ಅನ್ನುವ ಅಕ್ಷರದಲ್ಲಿ ಬಂತು. ದೇಶ ಅಂತ ಅರ್ಥ. ಹೊರಗೊಂದು ಪೆಟ್ಟಿಗೆ, ಒಳಗೆ ಎಂಟು ಗೆರೆ. ದಪ್ಪ ಬ್ರಶ್ಶಿನಲ್ಲಿ ಒಳಗಿನವಕ್ಕೆ ಜಾಗವೇ ಉಳಿಯಲಿಲ್ಲ. ಮೂರು ದಿನ ಶಾಯಿಯನ್ನು ಬೈದೆ. ಆಮೇಲೆ ಎರಡೂ ಪಡಿಯಚ್ಚು ಪಕ್ಕಪಕ್ಕ ಇಟ್ಟು ಬರೀ ಪೆಟ್ಟಿಗೆಗಳನ್ನೇ ನೋಡಿದೆ. ಓಯಾಂಗ್ ಪೆಟ್ಟಿಗೆಯ ನಿಂತ ಗೆರೆಗಳೆರಡೂ ಸೊಂಟ ಕಟ್ಟಿದ ಹಾಗೆ ಒಳಕ್ಕೆ ಬಾಗುತ್ತವೆ. ಯೆನ್ ಅವರವು ಹೊರಕ್ಕೆ, ಆವರಣ ಚಿಹ್ನೆಯ ಹಾಗೆ. ನಾನು ಯೆನ್ ದಪ್ಪವನ್ನು ಓಯಾಂಗ್ ಸೊಂಟದೊಳಗೆ ತುರುಕುತ್ತಿದ್ದೆ! ಗೆರೆ ಉಬ್ಬಿಸಿದ ಮೇಲೆ ಒಳಗೆ ಗಾಳಿಯಾಡಿತು. ದಪ್ಪ, ತೆಳು ಅಂತ ಇವರಿಬ್ಬರನ್ನು ಹೋಲಿಸುತ್ತಿದ್ದದ್ದೇ ತಪ್ಪು, ಬಿಳಿ ಜಾಗ ಎಲ್ಲಿ ಬಿಟ್ಟಿದ್ದಾರೆ ಅಂತ ನೋಡಬೇಕಿತ್ತು. ಆದರೆ ಕನ್ನಡ ಬರೆದು ಬೆಳೆದ ಕೈ, ಉಬ್ಬಿಸು ಅಂದರೆ ಸುತ್ತಿಯೇ ಬಿಡುತ್ತದೆ. ಎರಡು ಹಾಳೆ ತುಂಬ ‘ಗುವೊ’ ಹೋಗಿ ‘ಠ’ ಆಯಿತು.

ನಡುವೆ ನಾಲ್ಕು ದಿನ ಲಿಯು ಗೊಂಗ್‌ಚ್ಯುವಾನ್ ರುಚಿ ನೋಡಿದೆ, 841ರ ಶ್ವಾನ್‌ಮಿ ಸ್ತೂಪದ ಶಾಸನ. ಯೆನ್ ಅವರದು ನರ, ಲಿಯು ಅವರದು ಮೂಳೆ ಅಂತ ಚೀನಾದಲ್ಲಿ ಮಾತಿದೆ. ಗೆರೆಯ ಮೂಲೆಗಳು ನಿಜಕ್ಕೂ ಮೊಣಕೈ ಗಂಟಿನ ಹಾಗೆ. ಮನಸ್ಸು ನೆಟ್ಟಗಿದ್ದರೆ ಬ್ರಶ್ಶೂ ನೆಟ್ಟಗಿರುತ್ತದೆ ಅಂತ ಚಕ್ರವರ್ತಿಗೇ ಹೇಳಿದವರಂತೆ ಇವರು. ನನ್ನ ಬ್ರಶ್ ಎಡಕ್ಕೆ ವಾಲುತ್ತದೆ. ಮನಸ್ಸಿನ ವಿಷಯ ಬಿಡಿ.

ಕಾಯ್‌ಶೂವಿನ ನಾಲ್ವರು ದೊಡ್ಡವರಲ್ಲಿ ನಾಲ್ಕನೆಯವರು ಝಾವೊ ಮೆಂಗ್‌ಫು, ಯುವಾನ್ ರಾಜವಂಶದ ಕಾಲದವರು. ಅವರ ಒಂದು ಗೆರೆ ಇನ್ನೊಂದರ ಕಡೆ ಆಗಲೇ ಹೊರಟಿರುತ್ತದೆ. ನೋಡೋಕೆ ಸಲೀಸು, ಅದಕ್ಕೇ ಭಯ. ಸದ್ಯಕ್ಕೆ ಮುಟ್ಟಲ್ಲ.

ಇನ್ನೆರಡು ತಿಂಗಳು ಯೆನ್ ಅವರೇ. ಚೌಕ ಗೆರೆ ಹಾಕಿಟ್ಟ ಹಾಳೆ ಆರು ಉಳಿದಿವೆ, ನಾಳೆ ಅವಿಷ್ಟೂ ಪೆಟ್ಟಿಗೆಗಳಿಗೆ.