ಆಪ್ಷನ್ ಎಂಟ್ರಿ ಮತ್ತು ಮೇಣದ ಹಲ್ಲು

ಅಕ್ಕನ ಮಗಳು ಸಂಜೆಯಿಂದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವ ಪುಟ, ತೆರೆದು ಕೂತಿದ್ದಾಳೆ. ಬರೆದದ್ದು ಒಂದೇ ನೀಟ್, ದಾರಿ ಮಾತ್ರ ಎರಡು. ದೂರದ ಖಾಸಗಿ ಕಾಲೇಜಿನ ಎಂಬಿಬಿಎಸ್ ಮೇಲಿಡಬೇಕಾ, ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜಾ? ಮೇಲಿನದು ಸಿಕ್ಕರೆ ಕೆಳಗಿನದರ ಆಸೆ ಬಿಡಬೇಕು.

ಮನೆಯವರೆಲ್ಲ ವರ್ಷ ಎಣಿಸಿದರು. ಎಂಬಿಬಿಎಸ್ 4.5 ವರ್ಷ, ಮೇಲೆ 1 ವರ್ಷ ಇಂಟರ್ನ್‌ಶಿಪ್. ಡೆಂಟಲ್‌ನ ಬಿಡಿಎಸ್ 4, ಮತ್ತೆ 1. ಪಿಜಿ ಓಟ ಆಮೇಲಿನದು.

ಆಗ ಪಕ್ಕದ ಮನೆಯ ಹುಡುಗಿ ಬಂದಳು. ಬಿಡಿಎಸ್ ಮೊದಲ ವರ್ಷ. ತಾನೇ ಕೆತ್ತಿದ ಮೇಣದ ದವಡೆ ಹಲ್ಲನ್ನು ಇವಳ ಅಂಗೈಲಿ ಇಟ್ಟಳು. ಅಷ್ಟು ಚಿಕ್ಕದರಲ್ಲಿ ಗುಡ್ಡ, ಕಣಿವೆ, ಕೂದಲೆಳೆಯಂಥ ಗೆರೆ! ಚಾಕು ಒಂಚೂರು ಜಾರಿದರೂ ಮತ್ತೆ ಮೊದಲಿಂದ ಕೆತ್ತಬೇಕಂತೆ.

"ಮೆಡಿಕಲ್ ಸಿಗದವರು ತಾನೇ ಡೆಂಟಲ್‌ಗೆ ಹೋಗೋದು" ಅಂದರು ಯಾರೋ. ನನಗೆ ತುಂಬಾ ಬೇಜಾರಾಯಿತು. ಅಮ್ಮ ಹಲ್ಲುನೋವಿಂದ ರಾತ್ರಿಯಿಡೀ ಕೂತೇ ಇದ್ದದ್ದು ನೆನಪಾಯಿತು. ಬೆಳಿಗ್ಗೆ ಅವಳನ್ನು ನಗಿಸಿ ಕಳಿಸಿದವರೂ ಡಾಕ್ಟರೇ ಅಲ್ವಾ?

ಅಕ್ಕನ ಮಗಳು ಏನೂ ಮಾತಾಡಲಿಲ್ಲ. ಹಲ್ಲನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಗಂಟೆ ಹತ್ತಾಯಿತು. ಪಟ್ಟಿ ಇನ್ನೂ ಸೇವ್ ಆಗಿಲ್ಲ.